ಹಳೆ ವೀಡಿಯೊ, ಎಐ ಅಪ್‌ಸ್ಕೇಲಿಂಗ್, ಗ್ರಾಫಿಕ್ಸ್ ಕಾರ್ಡ್: ನಿಮ್ಮ ಪ್ರಶ್ನೆಗಳು, ನನ್ನ ಉತ್ತರಗಳು

ಎಲ್ಲರಿಗೂ ನಮಸ್ಕಾರ. ಹಳೆ ಟೇಪ್ ಮತ್ತು ಡಿವಿಡಿಗಳಲ್ಲಿರುವ ವೀಡಿಯೊಗಳನ್ನು ಸರಿಪಡಿಸಿ ಕೊಡುವುದು ನನ್ನ ಕೆಲಸ. ಎಐ ಅಪ್‌ಸ್ಕೇಲಿಂಗ್ (ಎಐ ಬಳಸಿ ಚಿಕ್ಕ ವೀಡಿಯೊವನ್ನು ದೊಡ್ಡದು, ಸ್ಪಷ್ಟ ಮಾಡುವುದು) ಬಗ್ಗೆ ಗುಂಪಿನಲ್ಲಿ ಪ್ರಶ್ನೆಗಳು ಜಾಸ್ತಿ ಆಗಿವೆ, ಒಂದೇ ಕಡೆ ಉತ್ತರ ಕೊಡಿ ಅಂತ ಅಡ್ಮಿನ್ ಕೇಳಿದರು. ಇಲ್ಲೇ ಕೇಳಿ. ಕಾರ್ಡ್ ಯಾವುದು, ಅದರ ವಿಆರ್‌ಎಎಂ (ಕಾರ್ಡಿನ ಸ್ವಂತ ಮೆಮೊರಿ) ಎಷ್ಟು, ವೀಡಿಯೊದ ಅಳತೆ ಏನು, ಯಾವ ಸಾಫ್ಟ್‌ವೇರಿನಲ್ಲಿ ಯಾವ ಮಾಡೆಲ್ (ಚಿತ್ರ ದೊಡ್ಡದು ಮಾಡುವ ಎಐ) ಹಾಕಿದ್ದೀರಿ ಅಂತ ದಯವಿಟ್ಟು ಬರೆಯಿರಿ. ಇಷ್ಟು ಗೊತ್ತಾದರೆ ನೇರವಾಗಿ ಉತ್ತರಿಸಬಹುದು.

ಪ್ರಶ್ನೆ: ಮೇಡಂ, ನನ್ನದು ಆರ್‌ಟಿಎಕ್ಸ್ 3060, 12 ಜಿಬಿ. ಟೋಪಾಜ್ ವೀಡಿಯೊ ಎಐ ಅನ್ನುವ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಒಂದು ಗಂಟೆಯ ಡಿವಿಡಿ, 720×576. ಅದನ್ನು 4ಕೆ ಮಾಡಲು ಹೊರಟರೆ ಒಂದು ದಿನವೇ ಬೇಕು ಅಂತ ತೋರಿಸುತ್ತದೆ. ಆದರೆ ಟಾಸ್ಕ್ ಮ್ಯಾನೇಜರಿನಲ್ಲಿ ಕಾರ್ಡ್ ಬಳಕೆ 20–30% ಅಷ್ಟೇ. ಕಾರ್ಡ್ ಕೆಲಸವನ್ನೇ ಮಾಡ್ತಿಲ್ಲ ಅಲ್ವಾ? ದೊಡ್ಡ ಕಾರ್ಡ್ ತಗೊಳ್ಳಲಾ?

ಉತ್ತರ: ಸದ್ಯಕ್ಕೆ ಏನೂ ಕೊಳ್ಳಬೇಡಿ.

ಟಾಸ್ಕ್ ಮ್ಯಾನೇಜರ್ ಮೊದಲು ತೋರಿಸುವುದು ‘3ಡಿ’ ಅನ್ನುವ ಗ್ರಾಫನ್ನು. ಆಟ ಆಡುವಾಗ ಏರುವುದು ಅದು. ಎಐ ಲೆಕ್ಕಗಳು ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಆ 20–30% ನೋಡಿ ತೀರ್ಮಾನಕ್ಕೆ ಬರಬೇಡಿ. ಜಿಪಿಯು-ಝಡ್ ಅನ್ನುವ ಸಾಧನ ತೆರೆದು ಕಾರ್ಡ್ ಎಷ್ಟು ವ್ಯಾಟ್ ಎಳೆಯುತ್ತಿದೆ ಅಂತ ನೋಡಿ. 3060ಕ್ಕೆ 170 ವ್ಯಾಟ್ ಮಿತಿ. ಅದರ ಹತ್ತಿರಕ್ಕೆ ಹೋಗಿದ್ದರೆ ಕಾರ್ಡ್ ಪೂರ್ತಿ ದುಡಿಯುತ್ತಿದೆ. 60–70 ವ್ಯಾಟ್‌ನಲ್ಲೇ ನಿಂತಿದ್ದರೆ ಅದು ಯಾರಿಗೋ ಕಾಯುತ್ತಾ ಕೂತಿದೆ ಅಂತ ಅರ್ಥ.

ಯಾರಿಗೆ ಕಾಯುತ್ತದೆ? ಹೆಚ್ಚಾಗಿ ಪ್ರೊಸೆಸರಿಗೆ. ಫೈಲಿನಿಂದ ಫ್ರೇಮ್ ಬಿಡಿಸಿ ಕಾರ್ಡಿಗೆ ಕಳಿಸುವುದು, ಕಾರ್ಡ್ ದೊಡ್ಡದು ಮಾಡಿ ಕೊಟ್ಟ ಫ್ರೇಮನ್ನು ಮತ್ತೆ ವೀಡಿಯೊ ಆಗಿ ಕಟ್ಟುವುದು, ಇದರಲ್ಲಿ ಬಹುಪಾಲು ಪ್ರೊಸೆಸರ್ ಮೇಲೆ ಬೀಳುತ್ತದೆ. ಔಟ್‌ಪುಟ್ ಪ್ರೊರೆಸ್ ಅಥವಾ ಪಿಎನ್‌ಜಿ (ಎರಡೂ ದೊಡ್ಡ ಫೈಲ್ ಕೊಡುವ ರೂಪಗಳು) ಇಟ್ಟಿದ್ದರೆ ಆ ಭಾರ ಇನ್ನೂ ಜಾಸ್ತಿ. ಒಂದು ನಿಮಿಷದ ತುಣುಕು ತೆಗೆದುಕೊಂಡು ಒಮ್ಮೆ ಪ್ರೊರೆಸ್‌ನಲ್ಲಿ, ಒಮ್ಮೆ ಎನ್‌ವಿಡಿಯಾದ ಎಚ್.265ನಲ್ಲಿ (ಫೈಲನ್ನು ಚಿಕ್ಕದು ಮಾಡುವ ರೂಪ) ಓಡಿಸಿ. ಎರಡನೆಯದು ಕಾರ್ಡಿನಲ್ಲೇ ಇರುವ ಎನ್‌ವೆಂಕ್ ಅನ್ನುವ ಬೇರೆ ಭಾಗದಲ್ಲಿ ನಡೆಯುತ್ತದೆ. ಅದು ಗಣನೀಯವಾಗಿ ವೇಗವಾದರೆ ತೊಂದರೆ ಕಾರ್ಡಿನದ್ದಲ್ಲ.

ಇನ್ನು 4ಕೆ ವಿಚಾರ. ಒಂದು ಸಣ್ಣ ಲೆಕ್ಕ ಹಾಕೋಣ. 720×576 ಅಂದರೆ ಒಂದು ಫ್ರೇಮಿಗೆ ಸುಮಾರು 4.15 ಲಕ್ಷ ಪಿಕ್ಸೆಲ್. 4ಕೆ ಅಂದರೆ ಸುಮಾರು 83 ಲಕ್ಷ. ಸರಿಯಾಗಿ 20 ಪಟ್ಟು. 1080ಪಿ ಆದರೆ 5 ಪಟ್ಟು ಮಾತ್ರ. ಒಂದು ಗಂಟೆಯ ಪಾಲ್ (ನಮ್ಮ ಹಳೆ ಟಿವಿ ಪದ್ಧತಿ, ಸೆಕೆಂಡಿಗೆ 25 ಫ್ರೇಮ್) ವೀಡಿಯೊದಲ್ಲಿ 90,000 ಫ್ರೇಮ್ ಇರುತ್ತವೆ. ಸೆಕೆಂಡಿಗೆ 10 ಫ್ರೇಮ್ ಆದರೆ ಎರಡೂವರೆ ಗಂಟೆ ಸಾಕು, 1 ಫ್ರೇಮ್ ಆದರೆ 25 ಗಂಟೆ ಬೇಕು. ಡಿವಿಡಿಯಿಂದ 4ಕೆಗೆ ಹೋದಾಗ 20 ಪಿಕ್ಸೆಲ್‌ಗಳಲ್ಲಿ 19ನ್ನು ಮಾಡೆಲ್ ತಾನೇ ಊಹಿಸಿ ತುಂಬುತ್ತದೆ. ಡಿವಿಡಿಗೆ 1080ಪಿ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದೊಡ್ಡ ಟಿವಿಯಲ್ಲಿ ನೋಡುವಾಗ ಉಳಿದ ಹಿಗ್ಗಿಸುವಿಕೆಯನ್ನು ಟಿವಿಯೇ ನೋಡಿಕೊಳ್ಳುತ್ತದೆ.

ಅದೇ ವ್ಯಕ್ತಿ: ನೀವು ಹೇಳಿದ್ದು ನಿಜ ಮೇಡಂ. 75 ವ್ಯಾಟ್ ತೋರಿಸುತ್ತಿತ್ತು, ಔಟ್‌ಪುಟ್ ಪಿಎನ್‌ಜಿ ಇತ್ತು. ಎಚ್.265 ಮಾಡಿ, 1080ಪಿಗೆ ಇಳಿಸಿದೆ. ಈಗ ಸಂಜೆ ಹಾಕಿದರೆ ಮಲಗುವ ಹೊತ್ತಿಗೆ ಮುಗಿಯುತ್ತದೆ. ಆದರೆ ಯಾರಾದರೂ ಕೈ ಬೀಸಿದರೆ ಅಂಚುಗಳು ಗರಗಸದ ಹಲ್ಲಿನ ತರಹ ಕಾಣುತ್ತಿವೆ. ಬೇರೆ ಮಾಡೆಲ್ ಹಾಕಲಾ?

ಉತ್ತರ: ಮಾಡೆಲ್ ಬದಲಿಸಿದರೆ ಇದು ಹೋಗುವುದಿಲ್ಲ. ನಿಮ್ಮ ವೀಡಿಯೊ ಇಂಟರ್‌ಲೇಸ್ಡ್ ಆಗಿದೆ. ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹಳೆ ಟಿವಿ, ಕ್ಯಾಮ್‌ಕಾರ್ಡರ್ ಕಾಲದಲ್ಲಿ ಒಂದು ಫ್ರೇಮನ್ನು ಒಂದೇ ಸಲ ಹಿಡಿಯುತ್ತಿರಲಿಲ್ಲ. ಮೊದಲು ಒಂದು ಬಿಟ್ಟು ಒಂದು ಗೆರೆ, ಆಮೇಲೆ ನಡುವೆ ಬಿಟ್ಟ ಗೆರೆಗಳು. ಈ ಅರ್ಧಗಳನ್ನು ಫೀಲ್ಡ್ ಅನ್ನುತ್ತಾರೆ. ಪಾಲ್‌ನಲ್ಲಿ ಸೆಕೆಂಡಿಗೆ 50 ಫೀಲ್ಡ್. ಎರಡು ಫೀಲ್ಡ್ ನಡುವೆ ಸೆಕೆಂಡಿನ 50ನೇ ಒಂದು ಭಾಗ ಕಳೆದಿರುತ್ತದೆ. ಅಷ್ಟರಲ್ಲಿ ಬೀಸಿದ ಕೈ ಮುಂದೆ ಹೋಗಿರುತ್ತದೆ. ಎರಡನ್ನೂ ಒಂದೇ ಚಿತ್ರವಾಗಿ ಸೇರಿಸಿದರೆ ಬಾಚಣಿಗೆಯ ಹಲ್ಲಿನಂತಹ ಗೆರೆಗಳು ಬರುತ್ತವೆ. ಮಾಡೆಲ್‌ಗೆ ಆ ಗೆರೆ ದೋಷ ಅಂತ ಗೊತ್ತಾಗುವುದಿಲ್ಲ. ಅದನ್ನೂ ವಿವರ ಅಂದುಕೊಂಡು ಇನ್ನಷ್ಟು ಚೂಪು ಮಾಡಿ ಕೊಡುತ್ತದೆ. ಆಮೇಲೆ ತೆಗೆಯಲು ಆಗುವುದೇ ಇಲ್ಲ.

ಆದ್ದರಿಂದ ಅಪ್‌ಸ್ಕೇಲ್ ಮಾಡುವ ಮುಂಚೆ ಡಿಇಂಟರ್‌ಲೇಸ್ ಮಾಡಬೇಕು, ಅಂದರೆ ಈ ಅರ್ಧಗಳನ್ನು ಬಿಡಿಸಿ ಪೂರ್ತಿ ಫ್ರೇಮ್ ಮಾಡಬೇಕು. ಟೋಪಾಜ್‌ನಲ್ಲೇ ಅದಕ್ಕೆ ಡಯೋನ್ ಮಾಡೆಲ್ ಇದೆ. ನಾನು ಬಳಸುವುದು ಅದೇ ಕೆಲಸದ ಕ್ಯೂಟಿಜಿಎಂಸಿ ಅನ್ನುವ ಫಿಲ್ಟರ್. ಉಚಿತ. ಹೈಬ್ರಿಡ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಟಿಕ್ ಹಾಕಿದರೆ ಓಡುತ್ತದೆ, ಕೋಡ್ ಬರೆಯಬೇಕಿಲ್ಲ. ಎಲ್ಲ 50 ಫೀಲ್ಡನ್ನೂ 50 ಪೂರ್ತಿ ಫ್ರೇಮ್ ಮಾಡಿಕೊಳ್ಳಿ. ಆಗ ಚಲನೆ ಮೂಲದಲ್ಲಿ ಇದ್ದಷ್ಟೇ ನಯವಾಗಿರುತ್ತದೆ. ಫ್ರೇಮ್ ಎರಡರಷ್ಟಾಗುವುದರಿಂದ ಸಮಯವೂ ಎರಡರಷ್ಟು ಹಿಡಿಯುತ್ತದೆ, ಅದು ಇರಲಿ. ಫೀಲ್ಡ್ ಕ್ರಮವನ್ನೂ ನೋಡಿಕೊಳ್ಳಿ. ಡಿವಿ ಕ್ಯಾಮ್‌ಕಾರ್ಡರ್ ಟೇಪಿನಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ. ಕ್ರಮ ತಪ್ಪಿದರೆ ಜನ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಟ್ಟ ಹಾಗೆ ನಡುಗುತ್ತಾ ನಡೆಯುತ್ತಾರೆ. ನೋಡಿದ ತಕ್ಷಣ ಗೊತ್ತಾಗುತ್ತದೆ.

ಇದರ ಜೊತೆಗೇ ಇನ್ನೊಂದು ಮಾತು. ಮೂಲ 4:3 ಇದ್ದರೆ ಔಟ್‌ಪುಟ್ 1440×1080 ಇರಲಿ. ಪರದೆ ತುಂಬಲಿ ಅಂತ 1920ಕ್ಕೆ ಎಳೆಯಬೇಡಿ. ಎಲ್ಲರ ಮುಖವೂ ಅಗಲ ಆಗುತ್ತದೆ.

ಪ್ರಶ್ನೆ: ಅಕ್ಕಾ, ನನ್ನದು 8 ಜಿಬಿಯ ಆರ್‌ಟಿಎಕ್ಸ್ 4060. 1080ಪಿ ತನಕ ಚೆನ್ನಾಗಿ ಓಡುತ್ತದೆ. 4ಕೆ ಹಾಕಿದ ಕೂಡಲೇ ಸ್ವಲ್ಪ ಹೊತ್ತು ಓಡಿ, ಆಮೇಲೆ ಆಮೆ ವೇಗಕ್ಕೆ ಬರುತ್ತದೆ. ಎರರ್ ಏನೂ ಇಲ್ಲ. ಕಾರ್ಡ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ, ವಿಆರ್‌ಎಎಂ ತುಂಬಿದೆ. ಮಾಡೆಲ್, ಫ್ರೇಮುಗಳು, ನಡುವಿನ ಲೆಕ್ಕಗಳು ಎಲ್ಲ ಅಲ್ಲೇ ಕೂರಬೇಕು. 2023ರಿಂದೀಚಿನ ಎನ್‌ವಿಡಿಯಾ ಡ್ರೈವರ್‌ಗಳು ವಿಂಡೋಸ್‌ನಲ್ಲಿ ಜಾಗ ಸಾಲದಾಗ ಎರರ್ ಕೊಟ್ಟು ನಿಲ್ಲುವ ಬದಲು ಉಳಿದದ್ದನ್ನು ಕಂಪ್ಯೂಟರಿನ ಮಾಮೂಲಿ ರ‍್ಯಾಮಿಗೆ ಹಾಕುತ್ತವೆ. 4060ರ ಸ್ವಂತ ಮೆಮೊರಿ ಸೆಕೆಂಡಿಗೆ 272 ಜಿಬಿ ಸಾಗಿಸುತ್ತದೆ. ರ‍್ಯಾಮಿಗೆ ಹೋಗಿ ಬರುವ ಪಿಸಿಐಇ ದಾರಿಯಲ್ಲಿ ಒಂದು ದಿಕ್ಕಿಗೆ ಸುಮಾರು 16 ಜಿಬಿ ಅಷ್ಟೇ, ಯಾಕೆಂದರೆ ಆ ಕಾರ್ಡಿಗೆ ಇರುವುದು 8 ಲೇನ್. ಆಮೆ ವೇಗ ಅದಕ್ಕೇ.

ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಕೂಡಾ ಸಿಸ್‌ಮೆಮ್ ಫಾಲ್‌ಬ್ಯಾಕ್’ ಅನ್ನುವ ಆಯ್ಕೆ ಇದೆ. ಅದನ್ನು ಆಫ್ ಮಾಡಿದರೆ ತುಂಬಿದಾಗ ನಿಧಾನ ಆಗುವ ಬದಲು ಸಾಫ್ಟ್‌ವೇರ್ ನಿಂತುಹೋಗಬಹುದು. ಕನಿಷ್ಠ ಕಾರಣವಾದರೂ ಗೊತ್ತಾಗುತ್ತದೆ. ಓಡಬೇಕು ಅಂದರೆ ಸಾಫ್ಟ್‌ವೇರಿನ ಸೆಟ್ಟಿಂಗ್‌ನಲ್ಲಿ ಮೆಮೊರಿ ಬಳಕೆ ಕಡಿಮೆ ಮಾಡಿ. ಟೈಲ್ (ಒಂದು ಸಲಕ್ಕೆ ಲೆಕ್ಕ ಹಾಕುವ ಚಿತ್ರದ ತುಂಡು) ಗಾತ್ರ ಇಳಿಸುವ ಸೌಲಭ್ಯ ಇದ್ದರೆ ಇಳಿಸಿ. ಬ್ರೌಸರ್ ಮುಚ್ಚಿ, ಅದೂ ಸ್ವಲ್ಪ ವಿಆರ್‌ಎಎಂ ತಿನ್ನುತ್ತದೆ.

ಮತ್ತೊಬ್ಬರು: ಹಾಗಾದರೆ ಈ ಕೆಲಸಕ್ಕೆ 4060ಗಿಂತ ಹಳೆಯ 3060 12 ಜಿಬಿ ಮೇಲಾ?

ಉತ್ತರ: 1080ಪಿ ಔಟ್‌ಪುಟ್ ಸಾಕು ಅನ್ನುವವರಿಗೆ 4060 ಒಳ್ಳೆಯದು. ಕರೆಂಟ್ ಕಡಿಮೆ, 115 ವ್ಯಾಟ್. ಎವಿ1 ಅನ್ನುವ ಹೊಸ ವೀಡಿಯೊ ರೂಪಕ್ಕೆ ಎನ್‌ಕೋಡ್ ಕೂಡ ಮಾಡುತ್ತದೆ, 3060 ಮಾಡುವುದಿಲ್ಲ. 4ಕೆ ಬೇಕು, ಹೊಸ ಡಿಫ್ಯೂಷನ್ ಮಾಡೆಲ್‌ಗಳನ್ನೂ (ವಿವರವನ್ನು ಹೊಸದಾಗಿ ಬಿಡಿಸುವ, ಭಾರದ ಮಾಡೆಲ್‌ಗಳು) ಸ್ವಂತ ಕಂಪ್ಯೂಟರಿನಲ್ಲಿ ಓಡಿಸಬೇಕು ಅನ್ನುವವರಿಗೆ 12 ಜಿಬಿಯೇ ಮೇಲು. ಹೊಸದು ಕೊಳ್ಳುವುದಾದರೆ 16 ಜಿಬಿ ನೋಡಿ. ಡಿಫ್ಯೂಷನ್ ಅಂದೆ ಅಲ್ವಾ, 2025ರಲ್ಲಿ ಬಂದ ಟೋಪಾಜ್‌ನ ಸ್ಟಾರ್‌ಲೈಟ್ ಆ ಜಾತಿಯದು. ತೀರಾ ಹಾಳಾದ ವೀಡಿಯೊದಲ್ಲಿ ಫಲಿತಾಂಶ ನಿಜಕ್ಕೂ ಚೆನ್ನಾಗಿದೆ, ಆದರೆ ಪ್ರೋಟಿಯಸ್, ಆರ್ಟೆಮಿಸ್ ತರಹದ ಟೋಪಾಜ್‌ನ ಮಾಮೂಲಿ ಮಾಡೆಲ್‌ಗಳ ಪಕ್ಕದಲ್ಲಿ ತುಂಬ ತುಂಬ ನಿಧಾನ. ಇಡೀ ಟೇಪಿಗೆ ಹಾಕಬೇಡಿ. ಬೇಕಾದ ಕೆಲವು ನಿಮಿಷಗಳಿಗೆ ಮಾತ್ರ ಹಾಕಿ.

ಪ್ರಶ್ನೆ: ನನ್ನದು ಎಎಂಡಿ ಕಾರ್ಡ್. ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವ ಮನಸ್ಸಿಲ್ಲ. ದಾರಿ ಇದೆಯಾ ಸರ್?

ಉತ್ತರ: ಇದೆ. ವೀಡಿಯೊ2ಎಕ್ಸ್ ಅನ್ನುವ ಉಚಿತ ಸಾಫ್ಟ್‌ವೇರ್ ನೋಡಿ. ಎಲ್ಲ ಕಂಪನಿಯ ಕಾರ್ಡಿಗೂ ಒಗ್ಗುವ ವಲ್ಕನ್ ಅನ್ನುವ ವ್ಯವಸ್ಥೆಯ ಮೇಲೆ ಓಡುವುದರಿಂದ ಎಎಂಡಿ, ಇಂಟೆಲ್, ಎನ್‌ವಿಡಿಯಾ ಯಾವುದಾದರೂ ನಡೆಯುತ್ತದೆ. ಅದರೊಳಗೆ ರಿಯಲ್-ಇಎಸ್‌ಆರ್‌ಗ್ಯಾನ್ ಇದೆ, 2021ರ ಮಾಡೆಲ್. ಕಾರ್ಟೂನ್, ಅನಿಮೇಷನ್ ವೀಡಿಯೊಗೆ ಚೆನ್ನಾಗಿ ಒಗ್ಗುತ್ತದೆ. ಮನುಷ್ಯರ ಚರ್ಮವನ್ನು ಮಾತ್ರ ಮೇಣದ ತರಹ ನುಣುಪು ಮಾಡಿಬಿಡುತ್ತದೆ. ಅದು ಒಂದೊಂದು ಫ್ರೇಮನ್ನೂ ಬೇರೆ ಬೇರೆಯಾಗಿ ನೋಡುವುದರಿಂದ ಎಲೆ, ಬಟ್ಟೆಯ ನೇಯ್ಗೆ ಇರುವ ಕಡೆ ಮಿನುಗುವುದೂ ಉಂಟು. (ನಾನು ಸರ್ ಅಲ್ಲ, ಮೇಡಂ. ಪರವಾಗಿಲ್ಲ.)

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲೂ, ಗೆಳೆಯನ ಲ್ಯಾಪ್‌ಟಾಪಿನಲ್ಲೂ ಒಂದೇ ಹೆಸರಿನ ಕಾರ್ಡ್. ಅವನದು ನನ್ನದಕ್ಕಿಂತ ತುಂಬ ವೇಗ. ಯಾಕೆ?

ಉತ್ತರ: ವ್ಯಾಟ್. ಲ್ಯಾಪ್‌ಟಾಪ್ 4060ನ್ನು ತಯಾರಕರು 35ರಿಂದ 115 ವ್ಯಾಟ್ ತನಕ ಎಲ್ಲಿ ಬೇಕಾದರೂ ಇಡಬಹುದು. ಹೆಸರು ಅದೇ ಇರುತ್ತದೆ. ಚಾರ್ಜರ್ ಹಾಕಿರಿ, ಪರ್ಫಾರ್ಮೆನ್ಸ್ ಮೋಡ್ ಆನ್ ಮಾಡಿ, ಹಿಂಭಾಗ ಸ್ವಲ್ಪ ಎತ್ತಿಡಿ. ಹಾಸಿಗೆ ಮೇಲೆ ಇಟ್ಟು ರಾತ್ರಿಯಿಡೀ ಓಡಿಸಬೇಡಿ, ಗಾಳಿ ಆಡುವುದಿಲ್ಲ.

ಪ್ರಶ್ನೆ: ಮೇಡಂ, ನಮ್ಮ ತಾತ ಮಾತಾಡುತ್ತಿರುವ ಒಂದೇ ಒಂದು ವಿಎಚ್‌ಎಸ್ ಟೇಪ್ ಇದೆ. ಅಪ್‌ಸ್ಕೇಲ್ ಮಾಡಿದೆ, ತುಂಬ ಸ್ಪಷ್ಟ ಬಂತು. ಅಮ್ಮನಿಗೆ ತೋರಿಸಿದರೆ "ಚೆನ್ನಾಗಿದೆ, ಆದ್ರೆ ಇದು ಅಪ್ಪನ ಥರ ಇಲ್ವಲ್ಲ" ಅಂದರು. ಏನು ಮಾಡಲಿ?

ಉತ್ತರ: ಅಮ್ಮ ಹೇಳಿದ್ದು ಸರಿ. ಅವರ ಕಣ್ಣನ್ನೇ ನಂಬಿ.

ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಸಿಗುವ ವಿವರ ಸುಮಾರು 240 ಗೆರೆಯಷ್ಟು. ದೂರದಿಂದ ಹಿಡಿದ ಮುಖ ಅಂದರೆ ಕೆಲವೇ ಹತ್ತು ಪಿಕ್ಸೆಲ್. ಅದರಲ್ಲಿ ಕಣ್ಣಿನ ರೆಪ್ಪೆ, ಹಲ್ಲಿನ ಸಾಲು, ಸುಕ್ಕು ಇಲ್ಲವೇ ಇಲ್ಲ. ಮಾಡೆಲ್ ತಾನು ಕಲಿತ ಸಾವಿರಾರು ಬೇರೆ ಮುಖಗಳಿಂದ ಸರಾಸರಿ ಕಣ್ಣು, ಸರಾಸರಿ ಹಲ್ಲು ತಂದು ಜೋಡಿಸುತ್ತದೆ. ಚೆಂದ ಕಾಣುತ್ತದೆ, ಆದರೆ ಅವರಲ್ಲ. ಒಟ್ಟಿಗೆ ಬದುಕಿದವರಿಗೆ ಇದು ತಕ್ಷಣ ತಿಳಿಯುತ್ತದೆ.

ಹೀಗೆ ಮಾಡಿ. ಮುಖಕ್ಕೆಂದೇ ಮಾಡಿದ ಐರಿಸ್ ಮಾಡೆಲ್ ಬಿಟ್ಟು ಪ್ರೋಟಿಯಸ್ ತೆಗೆದುಕೊಳ್ಳಿ. ಅದರ ಮ್ಯಾನ್ಯುಯಲ್ ಸೆಟ್ಟಿಂಗ್‌ನಲ್ಲಿ ವಿವರ ಮತ್ತು ಶಾರ್ಪ್ ಎರಡನ್ನೂ ಕೆಳಗಿಡಿ, ನಾಯ್ಸ್ ಮಾತ್ರ ಸ್ವಲ್ಪ ತೆಗೆಯಿರಿ. ಎರಡು ಪಟ್ಟಿಗಿಂತ ಹೆಚ್ಚು ದೊಡ್ಡದು ಮಾಡಬೇಡಿ. ಮೂಲದ ಕಾಳು ಕಾಳನ್ನು (ಗ್ರೇನ್) ಸ್ವಲ್ಪ ಮತ್ತೆ ಬೆರೆಸಿ, ಚರ್ಮ ಚರ್ಮದ ಹಾಗೆ ಕಾಣುತ್ತದೆ. ಟೇಪ್ ಇನ್ನೂ ಓಡುವ ಸ್ಥಿತಿಯಲ್ಲಿದ್ದರೆ ಟೈಮ್ ಬೇಸ್ ಕರೆಕ್ಟರ್ (ಚಿತ್ರದ ಗೆರೆಗಳ ಅಲುಗಾಟ ಸರಿಪಡಿಸುವ ಭಾಗ) ಇರುವ ಒಳ್ಳೆಯ ವಿಸಿಆರ್‌ನಿಂದ, ಎಸ್-ವೀಡಿಯೊ ಕೇಬಲ್‌ನಲ್ಲಿ, ಲಾಸ್‌ಲೆಸ್ ಆಗಿ (ವಿವರ ಕಳೆಯದಂತೆ) ಮತ್ತೊಮ್ಮೆ ಕ್ಯಾಪ್ಚರ್ ಮಾಡಿಸಿ. ಇದರಿಂದ ಸಿಗುವ ಲಾಭ ಯಾವ ದುಬಾರಿ ಕಾರ್ಡಿನಿಂದಲೂ ಸಿಗುವುದಿಲ್ಲ. ಆ ಕ್ಯಾಪ್ಚರ್ ಫೈಲನ್ನು ಎರಡು ಬೇರೆ ಡಿಸ್ಕಿನಲ್ಲಿ ಹಾಗೇ ಇಡಿ. ಮುಂದೆ ಇನ್ನೂ ಒಳ್ಳೆಯ ಮಾಡೆಲ್ ಬಂದಾಗ ಬೇಕಾಗುವುದು ಅದೇ.

ಪ್ರಶ್ನೆ: ಸಿಸಿಟಿವಿಯಲ್ಲಿ ಒಂದು ಗಾಡಿಯ ನಂಬರ್ ಪ್ಲೇಟ್ ಮಸುಕಾಗಿದೆ. ಅಪ್‌ಸ್ಕೇಲ್ ಮಾಡಿದರೆ ಓದಬಹುದಾ? ಒಂದು ಸಾಫ್ಟ್‌ವೇರಿನಲ್ಲಿ ಹಾಕಿದೆ, ನಂಬರ್ ಬಂದೂ ಬಂತು.

ಉತ್ತರ: ಆ ನಂಬರನ್ನು ಯಾರಿಗೂ ಕೊಡಬೇಡಿ. ಇದನ್ನು ಕೈ ಮುಗಿದು ಕೇಳುತ್ತೇನೆ. ಬಂದದ್ದು ಮಾಡೆಲ್‌ನ ಊಹೆ, ಕ್ಯಾಮೆರಾ ಕಂಡದ್ದಲ್ಲ. 3, 8, 6 ಮಸುಕಾದಾಗ ಒಂದೇ ತರಹ ಇರುತ್ತವೆ, ಮಾಡೆಲ್ ಯಾವುದಾದರೂ ಒಂದನ್ನು ಆರಿಸಿ ಅದನ್ನೇ ಚೂಪಾಗಿ ಬರೆಯುತ್ತದೆ. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರ ಪಲ್ಸ್ ಅನ್ನುವ ಮಾಡೆಲ್‌ಗೆ ಬರಾಕ್ ಒಬಾಮಾ ಅವರ ಮಸುಕು ಚಿತ್ರ ಕೊಟ್ಟಾಗ ಬಿಳಿಯ ಗಂಡಸೊಬ್ಬನ ಸ್ಪಷ್ಟ ಮುಖ ಬಂತು. ಜಗತ್ತೇ ಗುರುತಿಸುವ ಮುಖದ ಕಥೆ ಇದು. ನಂಬರ್ ಪ್ಲೇಟ್ ಊಹೆ ತಪ್ಪಿದರೆ ಸಂಬಂಧವೇ ಇಲ್ಲದವರು ತೊಂದರೆಗೆ ಸಿಕ್ಕಿಬೀಳುತ್ತಾರೆ. ಮೂಲ ಫೈಲನ್ನು ರೆಕಾರ್ಡರ್‌ನಿಂದ ಹಾಗೇ ತೆಗೆದು, ಏನೂ ಮಾಡದೆ ಪೊಲೀಸರಿಗೆ ಕೊಡಿ.

ಪ್ರಶ್ನೆ: ಮೊಬೈಲಿನಲ್ಲಿ ತೆಗೆದ ವೀಡಿಯೊ ಅಪ್‌ಸ್ಕೇಲ್ ಮಾಡಿದರೆ ಕೊನೆ ಕೊನೆಗೆ ತುಟಿ ಒಂದು ಕಡೆ, ಮಾತು ಒಂದು ಕಡೆ.

ಉತ್ತರ: ಮೊಬೈಲ್ ಬೆಳಕಿಗೆ ತಕ್ಕಂತೆ ಫ್ರೇಮ್ ದರ ಏರಿಸಿ ಇಳಿಸುತ್ತದೆ. ಸಾಫ್ಟ್‌ವೇರ್ ಉದ್ದಕ್ಕೂ ಒಂದೇ ದರ ಅಂದುಕೊಂಡರೆ ಚಿತ್ರ, ಧ್ವನಿ ಬೇರೆಯಾಗುತ್ತವೆ. ಮೊದಲು ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರಿನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ (ಒಂದೇ ದರ) ಆರಿಸಿ, ಗುಣಮಟ್ಟ ಎತ್ತರದಲ್ಲಿಟ್ಟು ಒಂದು ಕಾಪಿ ಮಾಡಿ. ಆ ಕಾಪಿಯನ್ನು ಅಪ್‌ಸ್ಕೇಲ್‌ಗೆ ಹಾಕಿ. ಚಾಟ್‌ನಲ್ಲಿ ಬಂದ ಫೈಲ್ ಆದರೆ, ತೆಗೆದವರ ಫೋನಿನಿಂದ ಮೂಲ ಫೈಲನ್ನೇ ಕೇಳಿ ಪಡೆಯಿರಿ.

ಪ್ರಶ್ನೆ: ಹತ್ತು ಗಂಟೆ ಓಡಿದ ಮೇಲೆ ಕರೆಂಟ್ ಹೋಯಿತು. ಎಂಪಿ4 ಫೈಲ್ ದೊಡ್ಡದಾಗೇ ಇದೆ, ಆದರೆ ತೆರೆಯುತ್ತಿಲ್ಲ. ಪೂರ್ತಿ ಮತ್ತೆ ಮಾಡಬೇಕಾ?

ಉತ್ತರ: ಬೇಜಾರಾಗುವ ವಿಷಯವೇ. ಎಂಪಿ4ನಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನುವ ಸೂಚಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತಾರೆ. ಅದಕ್ಕೆ ಮುಂಚೆ ನಿಂತರೆ ಪ್ಲೇಯರ್‌ಗೆ ದಾರಿ ತಿಳಿಯುವುದಿಲ್ಲ. ಅನ್‌ಟ್ರಂಕ್ ಅನ್ನುವ ಉಚಿತ ಸಾಧನ ಇದೆ. ಅದೇ ಸೆಟ್ಟಿಂಗ್‌ನಲ್ಲಿ ಮಾಡಿದ ಇನ್ನೊಂದು ಚಿಕ್ಕ, ಸರಿಯಾದ ಫೈಲನ್ನು ಮಾದರಿಯಾಗಿ ಕೊಟ್ಟು ಪ್ರಯತ್ನಿಸಿ, ಎಷ್ಟೋ ಸಲ ಸಿಗುತ್ತದೆ. ಸಿಕ್ಕರೆ ನಿಂತ ಜಾಗದಿಂದ ಮುಂದಿನದ್ದನ್ನು ಮಾತ್ರ ಓಡಿಸಿ. ಇನ್ನು ಮೇಲೆ ಔಟ್‌ಪುಟ್ ಎಂಕೆವಿ ಇಡಿ, ನಡುವೆ ನಿಂತರೂ ಅಲ್ಲಿಯವರೆಗಿನದು ಸಾಮಾನ್ಯವಾಗಿ ಓಡುತ್ತದೆ. ಇಡೀ ವೀಡಿಯೊವನ್ನು ದೃಶ್ಯ ಬದಲಾಗುವ ಕಡೆ ಹತ್ತು ಹದಿನೈದು ನಿಮಿಷದ ತುಂಡು ಮಾಡಿ ಸಾಲಿಗೆ ಹಾಕಿ. ಹೀಗೆ ಗಂಟೆಗಟ್ಟಲೆ ಓಡಿಸುವಾಗ ಕಾರ್ಡಿನ ಪವರ್ ಮಿತಿಯನ್ನು ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಧನದಲ್ಲಿ 80% ಮಾಡಿಕೊಳ್ಳಿ. ವೇಗ ಸ್ವಲ್ಪ ಮಾತ್ರ ಇಳಿಯುತ್ತದೆ, ಬಿಸಿ ಮತ್ತು ಫ್ಯಾನ್ ಸದ್ದು ಚೆನ್ನಾಗಿ ಕಡಿಮೆಯಾಗುತ್ತದೆ. ಅನ್‌ಟ್ರಂಕ್ ಏನು ಹೇಳಿತು ಅಂತ ಇಲ್ಲೇ ಹಾಕಿ, ಮುಂದಿನದು ನೋಡೋಣ.