ಸಹಾಯ ಬೇಕು: ಪಾಣತ್ತೂರು–ಕರಿಕೆ–ಭಾಗಮಂಡಲ ಸೈಕಲ್‌ನಲ್ಲಿ ಹೋದವರು ಇದ್ದೀರಾ?

ನಮಸ್ಕಾರ, ನಾನು ಬದಿಯಡ್ಕದವನು. ಇಷ್ಟು ದಿನ ಸುಮ್ನೆ ಪೊಸಡಿಗುಂಪೆ ಗುಡ್ಡದ ಕಡೆ ಎಂಟಿಬಿ (ಗುಡ್ಡಗಾಡು ಸೈಕಲ್) ತುಳಿದದ್ದೇ ಜಾಸ್ತಿ. ಈ ಡಿಸೆಂಬರಿಗೆ ನಮ್ಮ ಕಾಸರಗೋಡು ಜಿಲ್ಲೆಯ ಪಾಣತ್ತೂರಿನಿಂದ ಕರಿಕೆ ದಾಟಿ ಕೊಡಗಿನ ಭಾಗಮಂಡಲಕ್ಕೆ ಹತ್ತುವ ಆಸೆ. ದಟ್ಟ ಕಾಡು, ಆನೆ ಇರುವ ಜಾಗ, ಬೆಳಿಗ್ಗೆ ಎಷ್ಟು ಗಂಟೆಗೆ ಹೊರಟರೆ ಒಳ್ಳೆಯದು? ನಡುವೆ ಚಹಾದಂಗಡಿ, ಪಂಕ್ಚರ್ ಅಂಗಡಿ ಏನಾದರೂ ಸಿಗುತ್ತದಾ? ಪಾಣತ್ತೂರಿನ ಹತ್ತಿರದ ರಾಣಿಪುರಂ ಗುಡ್ಡಕ್ಕೆ ನಡೆದು ಹೋಗಲು ಅರಣ್ಯ ಇಲಾಖೆಯ ಟಿಕೆಟ್ ಉಂಟು, ಆದರೆ ಸೈಕಲ್ ಬಿಡ್ತಾರಾ?

ಇನ್ನೊಂದು, ಬ್ರೇಕ್. ಮೊನ್ನೆ ಮುರಕಲ್ಲಿನ ಇಳಿಜಾರಿನಲ್ಲಿ ಪ್ಯಾಡ್ ಪೂರ್ತಿ ಸವೆದು, ಡಿಸ್ಕ್ ಕರ್ರೆಂದು ಕಿರುಚಿ, ಹಿಂದಿನ ಚಕ್ರ ಹರಳಿನ ಮೇಲೆ ಜಾರಿ, ನಾನು ಸೀದಾ ಗೇರುಮರದ ಬುಡಕ್ಕೆ. ಮೊಣಕೈ ಇನ್ನೂ ಉರಿಯುತ್ತಿದೆ! ಉದ್ದ ಇಳಿತಕ್ಕೆ ರೆಸಿನ್ (ರಾಳದ) ಬ್ರೇಕ್ ಪ್ಯಾಡ್ ಸಾಕಾ, ಮೆಟಲ್ಲೇ (ಲೋಹದ ಪುಡಿಯದ್ದೇ) ಬೇಕಾ? ಹೋಗಿ ಬಂದವರು ದಯವಿಟ್ಟು ಹೇಳಿ. ಜೊತೆಗೆ ಬರುವವರಿದ್ದರೆ ಇನ್ನೂ ಖುಷಿ.