ತಮ್ಮನನ್ನು ನೋಡಿಕೊಳ್ಳುವವರು ಸರಿಯಾಗಿ ನೋಡಿಕೊಳ್ತಿದ್ದಾರೆ ಅಂತ ಹೇಗೆ ತಿಳಿಯೋದು?

ಬಿಸಿಲೂರಕ್ಕ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ನನ್ನ ತಮ್ಮನಿಗೆ 34 ವರ್ಷ. ಬೌದ್ಧಿಕ ವಿಕಲತೆ ಇದೆ, ಸರ್ಟಿಫಿಕೇಟಿನಲ್ಲಿ 75 ಪರ್ಸೆಂಟ್ ಅಂತ ಬರೆದಿದ್ದಾರೆ. ಮಾತು ಕಡಿಮೆ. ಆದರೆ ರೊಟ್ಟಿ ತಾನೇ ಮುರಿದು, ಪುಂಡಿಪಲ್ಯ ಹಚ್ಚಿಕೊಂಡು ತಿನ್ನುತ್ತಿದ್ದ. ಬಕೆಟ್ಟಿನಿಂದ ನೀರು ತೋಡಿ ಮೈಮೇಲೆ ಹಾಕಿಕೊಳ್ಳುತ್ತಿದ್ದ. ಅಂಗಿಯ ಮೇಲಿನ ಗುಂಡಿ ಮಾತ್ರ ಅವನಿಗೆ ಸಿಗೋದಿಲ್ಲ, ನಾವು ಹಾಕಬೇಕು. ಸಂಜೆ ಐದಾದರೆ ಶರಣಬಸವೇಶ್ವರ ಗುಡಿಗೆ ಹೋಗಲೇಬೇಕು. ತಡವಾದರೆ ಎರಡೂ ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ನಿಂತುಬಿಡುತ್ತಿದ್ದ.

ಅಪ್ಪ ಸರ್ಕಾರಿ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದರು. ಅವರು ತೀರಿಕೊಂಡು ಐದು ವರ್ಷ ಆಯ್ತು. ಅವ್ವನಿಗೆ 70 ದಾಟಿದೆ, ಮೊಣಕಾಲು ಪೂರ್ತಿ ಹೋಗಿದೆ. ನಾನು ಒಂಬತ್ತಕ್ಕೆ ಕೆಲಸಕ್ಕೆ ಹೋದರೆ ಬರೋದು ಆರೂವರೆಗೆ. ಅದಕ್ಕೇ ದಸರಾ ಆದ ಮೇಲೆ ಒಂದು ಏಜೆನ್ಸಿಯಿಂದ ಹುಡುಗನೊಬ್ಬನನ್ನು ಇಟ್ಟುಕೊಂಡೆವು.

ಅವನ ಮೇಲೆ ದೊಡ್ಡ ದೂರೇನಿಲ್ಲ. ಹೊಡೆದಿಲ್ಲ, ಬೈದಿಲ್ಲ, ಟೈಮಿಗೆ ಬರುತ್ತಾನೆ. ನಾನು ಮನೆಗೆ ಬರುವಷ್ಟರಲ್ಲಿ ತಮ್ಮ ತಲೆ ಬಾಚಿ, ಪೌಡರ್ ಹಚ್ಚಿಸಿಕೊಂಡು ಕೂತಿರುತ್ತಿದ್ದ. ನನಗೂ ಖುಷಿ.

ಎಳ್ಳಮಾವಾಸ್ಯೆ ದಿನ ಗೊತ್ತಾಯ್ತು. ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕೂತೆವು. ಭಜ್ಜಿ ಅಂದ್ರೆ ತಮ್ಮನಿಗೆ ಪ್ರಾಣ. ಅವನ ಮುಂದೆ ಸಜ್ಜೆ ರೊಟ್ಟಿ, ಭಜ್ಜಿ ಇಟ್ಟೆ. ಮುಟ್ಟಲಿಲ್ಲ. ಎರಡೂ ಕೈ ತೊಡೆ ಮೇಲೆ ಇಟ್ಟುಕೊಂಡು, ಬಾಯಿ ತೆರೆದು ನನ್ನ ಕಡೆ ನೋಡುತ್ತಾ ಕೂತ. ನೆಂಟರು ನಕ್ಕರು. ನಾನು ತಿನ್ನಿಸಿದೆ.

ಮನೆಗೆ ಬಂದು ಅವ್ವನನ್ನು ಕೇಳಿದರೆ, "ಹೌದವ್ವ, ಆ ಹುಡುಗನೇ ಉಣಸ್ತಾನ. ಇಂವ ತಾನೇ ತಿಂದ್ರ ಮುಕ್ಕಾಲು ತಾಸು ಹಿಡೀತದ, ಮತ್ತ ನೆಲಕ್ಕೆಲ್ಲ ಚೆಲ್ತಾನ" ಅಂದಳು. ಸ್ನಾನವೂ ಅಷ್ಟೇ, ಆ ಹುಡುಗನೇ ನೀರು ಹಾಕೋದಂತೆ. ಗುಡಿಗೆ ಹೋಗಿ ಎರಡು ತಿಂಗಳಾಗಿದೆ. ಬಿಸಿಲು ಅಂತ ಮೊಬೈಲ್ ಕೊಟ್ಟು ಕೂರಿಸ್ತಾನಂತೆ. ಚಳಿಗಾಲದ ಸಂಜೆ ಐದಕ್ಕೆ ಎಂಥ ಬಿಸಿಲೋ! ಈಗ ನನ್ನ ತಮ್ಮ ಚಪ್ಪಲಿ ಹಿಡಿದು ನಿಲ್ಲೋದನ್ನೇ ಬಿಟ್ಟಿದ್ದಾನೆ.

ಪುಣೆಯಲ್ಲಿರುವ ಅಣ್ಣ, ವೈನಿ "ಒಂದು ಒಳ್ಳೆ ಹೋಮ್‌ಗೆ ಸೇರಿಸು" ಅಂತಾರೆ. ಒಂದನ್ನು ನೋಡಿ ಬಂದೆ. ತೊಳೆದ ಫರಸಿ, ವಾಸನೆ ಇಲ್ಲ. ಮಧ್ಯಾಹ್ನ ಮೂರರ ಹೊತ್ತು, ಹನ್ನೆರಡು ಜನ ದೊಡ್ಡವರು ಹಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದರು. ಎಲ್ಲರ ತಲೆಗೂ ಒಂದೇ ಕಟಿಂಗ್. ಫೀಸು, ಊಟ, ಡಾಕ್ಟರು ಎಲ್ಲ ಹೇಳಿದರು. ತಮ್ಮನಿಗೆ ಏನು ಬರುತ್ತೆ, ಏನು ಇಷ್ಟ ಅಂತ ಒಂದು ಮಾತು ಕೇಳಲಿಲ್ಲ.

ಹೊಡೆತ ಬಡಿತ ಇದ್ದರೆ ಕಣ್ಣಿಗೆ ಕಾಣುತ್ತೆ. ಇಂಥದ್ದನ್ನು ಹೇಗೆ ಹಿಡಿಯೋದು? ನೀವೆಲ್ಲ ಏನು ನೋಡ್ತೀರಿ? ಮತ್ತೆ ಅವ್ವನ ನಂತರ, ನನ್ನ ನಂತರ ಅಂತ ಯಾವ ಕಾಗದ ಮಾಡಿಸಿಡಬೇಕು?

ಟೀಚರ್, ಬೀದರ್

ಅಕ್ಕ, ನಾನು ಇಂಥ ಮಕ್ಕಳಿಗೆ ಕಲಿಸುವವಳು. ನಿಮ್ಮ ತಮ್ಮ ತಿನ್ನೋದು ಮರೆತಿರಲಿಕ್ಕಿಲ್ಲ. ಬಾಯಿ ತೆರೆದರೆ ಸಾಕು, ತುತ್ತು ಬರುತ್ತೆ ಅಂತ ಕಲಿತಿದ್ದಾನೆ. ಒಮ್ಮೆಲೇ ತಟ್ಟೆ ಮುಂದಿಟ್ಟು "ತಿನ್ನು" ಅಂದರೆ ಹಟ ಮಾಡ್ತಾನೆ. ಕೊನೆಯಿಂದ ಶುರು ಮಾಡಿ. ಊಟವೆಲ್ಲ ನೀವೇ ಮಾಡಿಸಿ, ಕಡೆಯ ಎರಡು ತುತ್ತು ಮಾತ್ರ ಅವನೇ ತಿನ್ನಲಿ. ಮೊಣಕೈ ಕೆಳಗೆ ನಿಮ್ಮ ಕೈ ಇರಲಿ, ಅಷ್ಟೇ. ಅದು ಕೂತ ಮೇಲೆ ನಾಲ್ಕು, ಆಮೇಲೆ ಅರ್ಧ ತಟ್ಟೆ.

ಅಡುಗೆಮನೆ ಗೋಡೆಗೆ ಒಂದು ಹಾಳೆ ಅಂಟಿಸಿ. ತಾನೇ ಮಾಡ್ತಾನೆ, ಹೇಳಿದರೆ ಮಾಡ್ತಾನೆ, ಕೈ ಹಿಡಿದರೆ ಮಾಡ್ತಾನೆ ಅಂತ ಮೂರು ಸಾಲು. ಹಲ್ಲುಜ್ಜೋದರಿಂದ ಚಾದರ ಮಡಚೋವರೆಗೆ ಎಲ್ಲ ಬರೀರಿ. ತಿಂಗಳಿಗೊಮ್ಮೆ ಹೊಸದು ಬರೆದು ಹಳೆಯದರ ಪಕ್ಕ ಹಿಡಿದು ನೋಡಿ.

ಹೋಮ್ ನೋಡೋಕೆ ಫೋನ್ ಮಾಡಿ ಹೋಗಬೇಡಿ. ಊಟದ ಹೊತ್ತಿಗೆ ಒಮ್ಮೆ, ರಾತ್ರಿ ಏಳಕ್ಕೆ ಒಮ್ಮೆ ಹೋಗಿ. ಸ್ನಾನ ಮಾಡಿಸುವಾಗ ಬಾಗಿಲು ಹಾಕ್ತಾರಾ? ಅವರವರ ಬಟ್ಟೆ ಅವರವರಿಗೇ ಇದೆಯಾ, ಇಲ್ಲ ಒಂದು ರಾಶಿಯಿಂದ ಎಳೆದು ತೊಡಿಸ್ತಾರಾ? 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಪ್ರಕಾರ ನೋಂದಣಿ ಇಲ್ಲದೆ ಇಂಥ ಸಂಸ್ಥೆ ನಡೆಸೋ ಹಾಗಿಲ್ಲ, ಸರ್ಟಿಫಿಕೇಟ್ ತೋರಿಸಿ ಅಂತ ಕೇಳೋಕೆ ಸಂಕೋಚ ಬೇಡ.

ಶಹಾಬಾದಿನವಳು

ನಾನು ಕೇರ್‌ಟೇಕರ್ ಕೆಲಸ ಮಾಡ್ತೀನಿ. ಆ ಹುಡುಗನ ಪರವಾಗಿ ಒಂದು ಮಾತು. ಏಜೆನ್ಸಿಯವರು ನಮಗೆ ಹೇಳೋದು ಮನೆ ವಿಳಾಸ, ಟೈಮು, ಅಷ್ಟೇ. ಇವರಿಗೆ ಏನು ಬರುತ್ತೆ ಅಂತ ಯಾರೂ ಹೇಳೋದಿಲ್ಲ. ನೆಲಕ್ಕೆ ಅನ್ನ ಬಿದ್ದರೆ ಬೈಗುಳ ನಮಗೇ. ಹಿಂದೆ ಒಂದು ಮನೆಯಲ್ಲಿ ಅಜ್ಜಿಗೆ ಚಮಚ ಕೈಗೆ ಕೊಟ್ಟಿದ್ದಕ್ಕೆ "ದುಡ್ಡು ತಗೊಂಡು ಅವರ ಕೈಲೇ ಮಾಡಸ್ತೀಯಲ್ಲ" ಅಂದರು. ಆಮೇಲೆ ನಾನೂ ಬಾಯಿಗೇ ಇಡೋಕೆ ಶುರು ಮಾಡಿದೆ. ಊಟಕ್ಕೆ ಒಂದು ತಾಸು ಹಿಡಿದರೂ ಪರವಾಗಿಲ್ಲ ಅಂತ ನೀವೇ ಅವನಿಗೆ ಹೇಳಿ. ನಿಮ್ಮ ಅವ್ವನ ಮುಂದೆ ಹೇಳಿ. ವಾರಕ್ಕೊಂದು ರಜೆ ಕೊಡ್ತಿದ್ದೀರಾ?

ಕಾಕಾ, ಯಾದಗಿರಿ

ಕಾಗದದ ವಿಷಯ ನಾನು ಹೇಳ್ತೇನೆ, ನನ್ನ ಮಗನಿಗೆ ಮಾಡಿಸಿದ್ದೇನೆ. 18 ತುಂಬಿದ ಮೇಲೆ ಕಾನೂನಿನ ಲೆಕ್ಕದಲ್ಲಿ ಹೆತ್ತವರೂ ತಾವಾಗೇ ಪೋಷಕರಲ್ಲ. ಬೌದ್ಧಿಕ ವಿಕಲತೆಯಂಥ ತೊಂದರೆ ಇರುವವರಿಗಾಗಿ ಮಾಡಿದ 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆ ಅಡಿ, ಪೋಷಕರನ್ನು ನೇಮಿಸಿ ಅಂತ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಸಮಿತಿಯಲ್ಲಿ ಡಿಸಿ ಇರ್ತಾರೆ, ಒಂದು ಸಂಸ್ಥೆಯವರು ಮತ್ತು ಅಂಗವಿಕಲರೊಬ್ಬರು ಇರ್ತಾರೆ. ಅಕ್ಕನೂ ಅರ್ಜಿ ಹಾಕಬಹುದು. ಪೋಷಕರಾದವರು ಆರು ತಿಂಗಳಲ್ಲಿ ಅವನ ಆಸ್ತಿ ಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಕಿರಿಕಿರಿ ಅನ್ನಿಸುತ್ತೆ. ಆದರೆ ನಾಳೆ ಹೊಲದ ಮೇಲೆ ಯಾರಾದರೂ ಕಣ್ಣು ಹಾಕಿದರೆ ಅದೇ ಕೆಲಸಕ್ಕೆ ಬರೋದು.

ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ 1 ಲಕ್ಷದವರೆಗೆ ಸಿಗುತ್ತೆ, ಮೊದಲೇ ಮೆಡಿಕಲ್ ಟೆಸ್ಟ್ ಕೇಳೋದಿಲ್ಲ. ಅಪ್ಪ ಸರ್ಕಾರಿ ಮಾಸ್ತರರು ಅಂದಿರಿ. ದುಡಿಯಲಾಗದ ಅಂಗವಿಕಲ ಮಕ್ಕಳಿಗೆ ಕುಟುಂಬ ಪಿಂಚಣಿ ಜೀವನಪೂರ್ತಿ ಇದೆ. ಅವ್ವ ಇರುವಾಗಲೇ ತಮ್ಮನ ಹೆಸರು ದಾಖಲೆಯಲ್ಲಿ ಸೇರಿದೆಯಾ ನೋಡಿ.

ಸೇಡಂ ಹುಡುಗ

ಎಷ್ಟಾದರೂ ಮನೆ ಮನೆಯೇ ಅಕ್ಕ. ಹೋಮ್ ಬೇಡ.

ಬಿಸಿಲೂರಕ್ಕ, ಕಲಬುರಗಿ

ಎರಡು ವಾರ ಬಿಟ್ಟು ಬರೀತಿದ್ದೇನೆ, ಕ್ಷಮಿಸಿ.

ಸೇಡಂ ತಮ್ಮಾ, ಹಾಗನ್ನೋದು ಸುಲಭ. ನನ್ನ ತಮ್ಮ ಬಾಯಿ ತೆರೆದು ಕೂರೋದು ಕಲಿತದ್ದು ಮನೆಯಲ್ಲೇ ಅಲ್ವಾ?

ಶಹಾಬಾದಿನ ತಂಗಿ, ನಿಮ್ಮ ಮಾತು ಓದಿ ನನಗೆ ನಾಚಿಕೆ ಆಯ್ತು. ನಾವು ರಜೆ ಕೊಟ್ಟಿರಲಿಲ್ಲ. ಭಾನುವಾರ ಹೇಗೂ ನಾನು ಮನೆಯಲ್ಲೇ ಇರ್ತೀನಿ, ಇನ್ನು ಮೇಲೆ ಅವತ್ತು ಬರೋದು ಬೇಡ ಅಂದೆ. ಹುಡುಗನನ್ನು ಕೂರಿಸಿಕೊಂಡು ಹಾಳೆ ಬರೆದೆವು. ಅರ್ಧಕ್ಕೆ ಪೆನ್ನು ನಿಲ್ಲಿಸಿ, "ಅಕ್ಕಾ, ಇವ್ರಿಗಿ ಉಣ್ಲಾಕ ಬರ್ತದಂತ ನನಗ ಯಾರೂ ಹೇಳೇ ಇಲ್ರಿ" ಅಂದ.

ತಟ್ಟೆ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದ್ದೇವೆ. ಮೊದಲ ನಾಲ್ಕು ದಿನ ತಮ್ಮ ಕಡೆಯ ತುತ್ತು ಬಿಟ್ಟೇ ಎದ್ದ. ಐದನೇ ದಿನ ಶೇಂಗಾ ಹಿಂಡಿ, ಮೊಸರು ಇತ್ತು, ಅದನ್ನು ಬಿಡೋಕೆ ಮನಸ್ಸಾಗಲಿಲ್ಲ ಕಾಣುತ್ತೆ, ಕೈ ಹಾಕಿದ. ಅರ್ಧ ಮೊಸರು ಗಡ್ಡದ ಮೇಲೆ. ಅವ್ವ ಸೆರಗು ಹಿಡಿದು ಒರೆಸೋಕೆ ಎದ್ದಳು, "ನೀ ಸುಮ್ನೆ ಕೂಡು" ಅಂದೆ. ನಿನ್ನೆ ನಾಲ್ಕು ತುತ್ತು.

ಗುಡಿಗೆ ದಿನಾ ಹೋಗ್ತಿದ್ದಾರೆ. ಆದರೆ ಇನ್ನೂ ತಾನಾಗಿ ಚಪ್ಪಲಿ ಹಿಡಿದು ನಿಂತಿಲ್ಲ. ನಾವೇ ಕರೀಬೇಕು.

ಕಾಕಾ, ಸಮಿತಿಯ ಅರ್ಜಿಗೆ ಅಣ್ಣನ ಸಹಿಯೂ ಬೇಕಾ? ಅವನು ಬರೋದು ಯುಗಾದಿಗೇ.