ಸಹಾಯ ಬೇಕು: ಹುಲ್ಲುಹಾಸಿಗೆ ಬಿಟ್ಟ ನೀರು ಇಂಗುತ್ತಲೇ ಇಲ್ಲ

ಎಲ್ಲರಿಗೂ ನಮಸ್ಕಾರ. ಮನೆ ಮುಂದೆ ಹುಲ್ಲುಹಾಸು, ಪಕ್ಕದಲ್ಲಿ ಹೂಗಿಡಗಳು, ಎರಡಕ್ಕೂ ಒಂದೇ ಪೈಪಿನಿಂದ ಸ್ಪ್ರಿಂಕ್ಲರ್ ನಡೆಯುತ್ತದೆ. ಜೇಡಿಮಣ್ಣು, ಸ್ವಲ್ಪ ಇಳಿಜಾರು ಬೇರೆ. ಸ್ವಲ್ಪ ಹೊತ್ತು ಬಿಟ್ಟರೆ ಸಾಕು, ನೀರು ಒಳಗೆ ಇಳಿಯದೆ ದಾರಿಗೆ ಹರಿದು ಹೋಗುತ್ತದೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಬಿಸಿಲು ಏರುವ ಮೊದಲೇ ಬಿಡುತ್ತೇನೆ. ಗಿಡದ ಬುಡಕ್ಕೆ ಒಣ ಎಲೆ 5ರಿಂದ 7 ಸೆಂ.ಮೀ. ದಪ್ಪ ಹರಡಿದ್ದೇನೆ, ಅಲ್ಲಿ ತೇವ ಚೆನ್ನಾಗಿ ನಿಲ್ಲುತ್ತದೆ. ತೊಂದರೆ ಹುಲ್ಲಿನದ್ದೇ.

ಒಂದೇ ಸಲ ಬಿಡುವ ಬದಲು 5 ನಿಮಿಷ ಬಿಟ್ಟು, ಅರ್ಧ ಗಂಟೆ ನಿಲ್ಲಿಸಿ, ಮತ್ತೆ 5 ನಿಮಿಷ ಬಿಟ್ಟರೆ ಜೇಡಿಮಣ್ಣು ನೀರು ಕುಡಿಯುತ್ತದೆ ಅನ್ನುತ್ತಾರೆ. ಹೀಗೆ ಮಾಡುವವರು ಯಾರಾದರೂ ಇದ್ದೀರಾ? ನಡುವೆ ಎಷ್ಟು ಹೊತ್ತು ನಿಲ್ಲಿಸುತ್ತೀರಿ? ಸ್ಕ್ರೂಡ್ರೈವರ್ ಚುಚ್ಚಿ ನೋಡಿದರೆ ಮೇಲೆ ಮಾತ್ರ ಒದ್ದೆ, ಕೆಳಗೆ ಗಟ್ಟಿ. ಬೇರು ಆಳಕ್ಕೆ ಹೋಗಬೇಕಾದರೆ 15 ಸೆಂ.ಮೀ. ಆದರೂ ನೆನೆಯಬೇಕು ಅಲ್ವಾ?

ಹೂಗಿಡಗಳನ್ನು ಡ್ರಿಪ್‌ಗೆ ಬದಲಿಸುವ ಯೋಚನೆಯೂ ಇದೆ. ಗಂಟೆಗೆ 2 ಲೀಟರಿನ ಡ್ರಿಪ್ಪರ್ ಸಾಕಾ, 4 ಲೀಟರಿನದು ಬೇಕಾ? ಜೇಡಿಮಣ್ಣಿಗೆ ನಿಧಾನವೇ ಒಳ್ಳೆಯದು ಅಂತ ನನಗನ್ನಿಸುತ್ತದೆ. ಡ್ರಿಪ್‌ಗೆ ಒತ್ತಡ ಕಡಿಮೆ ಸಾಕು, ಸ್ಪ್ರಿಂಕ್ಲರ್‌ಗೆ ಜಾಸ್ತಿ ಬೇಕು. ಒಂದೇ ನಲ್ಲಿಯಿಂದ ಎರಡನ್ನೂ ನಡೆಸುವವರು ಹೇಗೆ ಜೋಡಿಸಿದ್ದೀರಿ, ಫೋಟೋ ಇದ್ದರೆ ದಯವಿಟ್ಟು ಹಾಕಿ.